ಗಾಜಿನ ಮೇಲಿನ ಒಂದು ಕೂದಲು: ಹಳೆಯ ಫೋಟೊಗಳನ್ನು ಮನೆಯಲ್ಲೇ ಸ್ಕ್ಯಾನ್ ಮಾಡುವುದು ಹೇಗೆ?

ಪರಿಚಯದವರೊಬ್ಬರು ಮೂರು ತಿಂಗಳು ಕುಳಿತು ಮನೆಯ ಹಳೆಯ ಫೋಟೊಗಳನ್ನೆಲ್ಲ ಸ್ಕ್ಯಾನ್ ಮಾಡಿದರು. ನಾನೂರಕ್ಕೂ ಹೆಚ್ಚು. ಮುಗಿದ ದಿನ ದೊಡ್ಡ ಪರದೆಯ ಮೇಲೆ ನೋಡಲು ಕುಳಿತರೆ ಅಜ್ಜಿಯ ಹಣೆಯ ಮೇಲೊಂದು ಕೂದಲು. ಮುಂದಿನ ಚಿತ್ರದಲ್ಲಿ ಅದೇ ಕೂದಲು ಮಗುವಿನ ಅಂಗಿಯ ಮೇಲೆ, ಅದರಾಚೆಯ ಚಿತ್ರದಲ್ಲಿ ಆಕಾಶದಲ್ಲಿ. ಗಾಜಿಗೆ ಅಂಟಿಕೊಂಡಿದ್ದ ಒಂದೇ ಕೂದಲು ಅಷ್ಟೂ ಫೋಟೊಗಳಿಗೆ ಹಾಜರಿ ಹಾಕಿತ್ತು. ಕಂಪ್ಯೂಟರಿನಲ್ಲಿ ಅದನ್ನು ಅಳಿಸಬಹುದು, ನಿಜ. ನಾನೂರು ಸಲ ಅಳಿಸುವವರು ಯಾರು?

ಮೊದಲು ಖರೀದಿ

ಸ್ಕ್ಯಾನರ್ ಕೊಳ್ಳುವ ಮುನ್ನ ನಿಮ್ಮ ಪೆಟ್ಟಿಗೆಯಲ್ಲಿ ಏನಿದೆ ಎಂದು ನೋಡಿಕೊಳ್ಳಿ. ಬಿಡಿ ಫೋಟೊಗಳಷ್ಟೇ ಇದ್ದರೆ ಕ್ಯಾನನ್ ಲೈಡ್ 400ರಂಥ ತೆಳ್ಳನೆಯ ಸಿಐಎಸ್ ಸ್ಕ್ಯಾನರ್ (ಚಿತ್ರ ಓದುವ ಸಂವೇದಕ ಗಾಜಿನ ಕೆಳಗೆ ತೀರಾ ಹತ್ತಿರವಿರುವ ಬಗೆ) ಸಾಕು. ಯುಎಸ್‌ಬಿ ಕೇಬಲ್ಲಿನಿಂದಲೇ ಅದಕ್ಕೆ ವಿದ್ಯುತ್ ಸಿಗುತ್ತದೆ. ಆದರೆ ಗಾಜಿಗೆ ಒತ್ತಿಕೊಂಡಿರುವುದು ಮಾತ್ರ ಅದಕ್ಕೆ ಸ್ಪಷ್ಟವಾಗಿ ಕಾಣುತ್ತದೆ. ಸುರುಳಿ ಸುತ್ತಿಕೊಂಡ ಫೋಟೊದ ಅಂಚು ಮಸುಕಾಗುತ್ತದೆ. ನೆಗೆಟಿವ್‌ಗಳು, ಆಲ್ಬಮ್ಮಿಗೆ ಅಂಟಿಹೋದ ಫೋಟೊಗಳು, ಬಿಡಿಸಲಾಗದ ಚೌಕಟ್ಟುಗಳು ಇದ್ದರೆ ಎಪ್ಸನ್ ವಿ600ರಂಥ ದಪ್ಪನೆಯ ಸಿಸಿಡಿ ಸ್ಕ್ಯಾನರ್ ಬೇಕು. ಕನ್ನಡಿ, ಮಸೂರಗಳ ಮೂಲಕ ನೋಡುವುದರಿಂದ ಗಾಜಿನಿಂದ ತುಸು ಮೇಲಿರುವುದನ್ನೂ ಅದು ಹಿಡಿಯುತ್ತದೆ. ನೆಗೆಟಿವ್‌ಗೆ ಬೇಕಾದ ದೀಪ ವಿ600ರ ಮುಚ್ಚಳದಲ್ಲೇ ಇದೆ.

ಕಾಗದವನ್ನು ಒಳಗೆಳೆದುಕೊಳ್ಳುವ ಸ್ಕ್ಯಾನರ್ ವೇಗವಾಗಿ ಕೆಲಸ ಮಾಡುತ್ತದೆ. ಅಂಚು ಹರಿದ ಹಳೆಯ ಫೋಟೊವನ್ನು ಅದರ ಬಾಯಿಗೆ ಕೊಡಲು ನನಗಂತೂ ಧೈರ್ಯವಿಲ್ಲ. ಇನ್ನು ನೆಗೆಟಿವ್‌ಗಳಿಗೆಂದೇ ಮಾರುವ ಅಗ್ಗದ ಪುಟ್ಟ ಡಬ್ಬಿಗಳಲ್ಲಿ ಹೆಚ್ಚಿನವು ಸ್ಕ್ಯಾನರ್‌ಗಳೇ ಅಲ್ಲ. ಒಳಗಿರುವುದು ಸಣ್ಣ ಕ್ಯಾಮೆರಾ ಮತ್ತು ಒಂದು ದೀಪ. ಕೊಳ್ಳಬೇಡಿ.

ಸ್ಕ್ಯಾನರ್ ಪೆಟ್ಟಿಗೆಯ ಮೇಲಿನ ದೊಡ್ಡ ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) ಸಂಖ್ಯೆಗೂ ಮರುಳಾಗಬೇಡಿ. 'ಆಪ್ಟಿಕಲ್' ಎಂದು ಬರೆದಿರುವ ಸಂಖ್ಯೆ ಮಾತ್ರ ನಿಜ. ಉಳಿದದ್ದು ಸಾಫ್ಟ್‌ವೇರ್ ಊಹಿಸಿ ತುಂಬುವ ಚುಕ್ಕೆಗಳ ಲೆಕ್ಕ. ಹಳೆಯ ಯಂತ್ರ ಕೊಳ್ಳುವುದಾದರೆ ನಿಮ್ಮ ಕಂಪ್ಯೂಟರಿಗೆ ಅದರ ಡ್ರೈವರ್ (ಯಂತ್ರವನ್ನು ಓಡಿಸುವ ತಂತ್ರಾಂಶ) ಈಗಲೂ ಸಿಗುತ್ತದೆಯೇ ಎಂದು ಮೊದಲೇ ನೋಡಿ. ತಯಾರಕರು ಕೈಬಿಟ್ಟ ಎಷ್ಟೋ ಸ್ಕ್ಯಾನರ್‌ಗಳನ್ನು ವ್ಯೂಸ್ಕ್ಯಾನ್ ಎಂಬ ತಂತ್ರಾಂಶ ಇನ್ನೂ ಓಡಿಸುತ್ತದೆ.

ಜೋಡಣೆ

ಅಲುಗಾಡದ ಮೇಜು, ನೇರ ಬಿಸಿಲು ಬೀಳದ ಜಾಗ. ಕೆಲವು ಮಾದರಿಗಳಲ್ಲಿ ಸಾಗಣೆಗಾಗಿ ಹಾಕಿದ ಬೀಗ ಇರುತ್ತದೆ. ಸ್ವಿಚ್ ಹಾಕುವ ಮುನ್ನ ಅದನ್ನು ತೆಗೆಯಿರಿ. ಇಲ್ಲವಾದರೆ ಯಂತ್ರ ಕರ್ಕಶವಾಗಿ ಗೊರಗುಡುತ್ತದೆ.

ಗಾಜು

ಸ್ವಚ್ಛಗೊಳಿಸುವ ದ್ರವವನ್ನು ಗಾಜಿನ ಮೇಲೆ ನೇರವಾಗಿ ಸಿಂಪಡಿಸಬೇಡಿ. ಅಂಚಿನಿಂದ ಒಳಗಿಳಿದು ಗಾಜಿನ ಕೆಳಮೈಗೆ ಕಲೆ ಕಟ್ಟಿದರೆ ಅದನ್ನು ಒರೆಸಲು ಯಂತ್ರವನ್ನೇ ಬಿಚ್ಚಬೇಕು. ಮೈಕ್ರೊಫೈಬರ್ ಬಟ್ಟೆಯನ್ನು ತುಸುವೇ ತೇವ ಮಾಡಿ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ದೂಳು ಹಾರಿಸಲು ರಬ್ಬರ್ ಬ್ಲೋಯರ್ ಇಟ್ಟುಕೊಳ್ಳಿ. ಬಾಯಿಂದ ಊದಿದರೆ ದೂಳಿನ ಬದಲು ಎಂಜಲ ಹನಿ ಕೂರುತ್ತದೆ. ಮುಚ್ಚಳದ ಒಳಮೈಯನ್ನು ಎಲ್ಲರೂ ಮರೆಯುತ್ತಾರೆ. ಗಾಜಿಗೆ ದೂಳು ಉದುರುವುದು ಬಹಳ ಸಲ ಅಲ್ಲಿಂದಲೇ. ಕೊನೆಗೆ ಕೋಣೆಯ ದೀಪ ಆರಿಸಿ, ಟಾರ್ಚ್ ಬೆಳಕನ್ನು ಗಾಜಿನ ಮೇಲೆ ಓರೆಯಾಗಿ ಬಿಡಿ. ಶುದ್ಧವಾಯಿತು ಎಂದುಕೊಂಡ ಗಾಜಿನ ನಿಜರೂಪ ಆಗ ತಿಳಿಯುತ್ತದೆ.

ಪ್ರತಿ ಹತ್ತು ಫೋಟೊಗೊಮ್ಮೆ ಹೀಗೆ ನೋಡಿ. ಫೋಟೊಗಳಿಗೆ ಮಾತ್ರ ಒದ್ದೆ ಬಟ್ಟೆ ತಾಗಿಸಬೇಡಿ, ಮೃದುವಾದ ಕುಂಚ ಸಾಕು.

ಸೆಟ್ಟಿಂಗ್: ಎಲ್ಲರೂ ಎಡವುವುದು ಇಲ್ಲಿ

ತಂತ್ರಾಂಶ ತೆರೆದ ಕೂಡಲೇ ಅದು 'ಆಟೊ' ಎಂಬ ಆಮಿಷ ಒಡ್ಡುತ್ತದೆ. ಒಪ್ಪಬೇಡಿ. ತಾನಾಗಿಯೇ ಬಣ್ಣ ತಿದ್ದುವುದು, ಅಂಚು ಚೂಪು ಮಾಡುವುದು, ದೂಳು ತೆಗೆಯುವುದು, ಈ ಮೂರನ್ನೂ ಆಫ್ ಮಾಡಿಬಿಡಿ. ತಂತ್ರಾಂಶದ ಕಣ್ಣಿಗೆ ದೂಳಿನ ಚುಕ್ಕೆಗೂ ಕಣ್ಣಿನ ಹೊಳಪಿಗೂ ವ್ಯತ್ಯಾಸ ತಿಳಿಯದು. ಎರಡನ್ನೂ ಒರೆಸಿ ಹಾಕುತ್ತದೆ. ತಿದ್ದುವುದೇನಿದ್ದರೂ ಆಮೇಲೆ, ಪ್ರತಿಯ ಮೇಲೆ ತಿದ್ದಿ.

ಡಿಪಿಐ ಎಷ್ಟಿರಬೇಕು? 600. ಇದರಲ್ಲಿ ನನ್ನದು ಹಟವೇ. 4x6 ಇಂಚಿನ ಫೋಟೊ 300ರಲ್ಲಿ 1200x1800 ಚುಕ್ಕೆಗಳಾಗುತ್ತದೆ. ಅದೇ ಅಳತೆಯಲ್ಲಿ ಮತ್ತೆ ಮುದ್ರಿಸಬಹುದು, ಹಿಗ್ಗಿಸಲು ಹೋದರೆ ಸೊರಗುತ್ತದೆ. 600ರಲ್ಲಿ 2400x3600, ಅಂದರೆ 86 ಲಕ್ಷ ಚುಕ್ಕೆ. 1200ಕ್ಕೆ ಏರಿಸಿದರೆ ಫೈಲ್ ನಾಲ್ಕು ಪಟ್ಟು ಬೆಳೆದು ಸುಮಾರು 100 ಎಂಬಿ ದಾಟುತ್ತದೆ. ಆದರೆ ಸಾಮಾನ್ಯ ಮುದ್ರಿತ ಫೋಟೊದಲ್ಲಿ ಅಷ್ಟು ವಿವರವೇ ಇರುವುದಿಲ್ಲ. ಹೆಚ್ಚಾಗುವುದು ಕಾಗದದ ನಾರು ಮತ್ತು ಕಾಯುವ ಹೊತ್ತು. ಹೆಬ್ಬೆರಳಿನಷ್ಟು ಪುಟ್ಟ ಫೋಟೊವನ್ನು ದೊಡ್ಡದು ಮಾಡಿಸಬೇಕೆಂದಿದ್ದರೆ 1200 ಇಡಿ, ಅಷ್ಟೇ.

ನೆಗೆಟಿವ್ ಲೆಕ್ಕ ಬೇರೆ. 35 ಎಂಎಂ ಚಿತ್ರದ ಅಳತೆ 36x24 ಮಿಲಿಮೀಟರ್ ಮಾತ್ರ. ಆದ್ದರಿಂದ 2400ರಿಂದ 3200 ಡಿಪಿಐ ಬೇಕಾಗುತ್ತದೆ. ಅತಿಗೆಂಪು ಕಿರಣದಿಂದ ದೂಳು ಗುರುತಿಸುವ ಸೌಲಭ್ಯವಿದ್ದರೆ ಬಣ್ಣದ ನೆಗೆಟಿವ್‌ಗೆ ಧಾರಾಳವಾಗಿ ಬಳಸಿ. ಇದು ಮೇಲೆ ಬೈದ ಊಹೆಯ ಆಟವಲ್ಲ. ಮಾಮೂಲಿ ಕಪ್ಪು-ಬಿಳುಪು ನೆಗೆಟಿವ್‌ಗೆ ಮಾತ್ರ ಬೇಡ. ಅದರಲ್ಲಿರುವ ಬೆಳ್ಳಿಯೇ ಆ ಕಿರಣಕ್ಕೆ ಅಡ್ಡ ನಿಲ್ಲುವುದರಿಂದ ಯಂತ್ರ ಚಿತ್ರವನ್ನೇ ದೂಳೆಂದು ತಿಳಿಯುತ್ತದೆ.

ಕಪ್ಪು-ಬಿಳುಪಿನ ಮುದ್ರಿತ ಫೋಟೊವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಹಳದಿ ಕಲೆ ಹಳದಿಯಾಗಿ ಉಳಿದರೆ ಆಮೇಲೆ ಅದನ್ನಷ್ಟೇ ಹಿಡಿದು ತೆಗೆಯಬಹುದು. ಬೂದುಬಣ್ಣಕ್ಕೆ ತಿರುಗಿಸಿದ ಮೇಲೆ ಕಲೆ ಯಾವುದು, ನೆರಳು ಯಾವುದು ಎಂದು ತಿಳಿಯುವುದು ಕಷ್ಟ. ಮೂಲ ಫೈಲನ್ನು ವಿವರ ಕಳೆದುಕೊಳ್ಳದ ಟಿಫ್ ರೂಪದಲ್ಲಿಯೇ ಉಳಿಸಿ. ಜೆಪೆಗ್ ಪ್ರತಿ ಸಲ ತಿದ್ದಿ ಉಳಿಸಿದಾಗಲೂ ಒಂದಿಷ್ಟು ವಿವರ ನುಂಗುತ್ತದೆ. ಬಂಧುಗಳ ಮೊಬೈಲ್‌ಗೆ ಕಳುಹಿಸಲು ಮಾತ್ರ ಅದು ಸರಿ.

ಇಷ್ಟಾದ ಮೇಲೆ ಒಂದೇ ಒಂದು ಫೋಟೊ ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಶೇ 100ರ ಅಳತೆಗೆ ಹಿಗ್ಗಿಸಿ, ಮೂಲೆಯಿಂದ ಮೂಲೆಗೆ ನೋಡಿ. ಕೂದಲು ಸಿಗುವುದಿದ್ದರೆ ಈಗಲೇ ಸಿಗಲಿ.

ತಕರಾರಿನ ಫೋಟೊಗಳು

ಅಂಟು ಹಾಳೆಯ ಆಲ್ಬಮ್ಮಿನಿಂದ ಫೋಟೊಗಳನ್ನು ಎಳೆದು ಕೀಳಬೇಡಿ. ಸಿಸಿಡಿ ಯಂತ್ರವಿದ್ದರೆ ಇಡೀ ಪುಟವನ್ನೇ ಗಾಜಿನ ಮೇಲಿಡಿ. ಚೌಕಟ್ಟಿನ ಗಾಜಿಗೆ ಅಂಟಿದ್ದನ್ನೂ ಗಾಜಿನ ಸಮೇತ ಇಡಿ. ಜೇನುಗೂಡಿನಂಥ ಉಬ್ಬು ಇರುವ ಕಾಗದವಾದರೆ ಸ್ಕ್ಯಾನರ್ ಆ ಉಬ್ಬುಗಳನ್ನೇ ಹೊಳೆಯಿಸಿ ತೋರಿಸುತ್ತದೆ. ಅಂಥದ್ದಕ್ಕೆ ಕಿಟಕಿಯ ಹದವಾದ ಬೆಳಕಿನಲ್ಲಿ ಕ್ಯಾಮೆರಾದಿಂದ ಫೋಟೊ ತೆಗೆಯುವುದೇ ಮೇಲು.

ಉಳಿಸುವುದು

ಫೈಲಿನ ಹೆಸರು ವರ್ಷದಿಂದ ಶುರುವಾಗಲಿ, ತಾನಾಗಿಯೇ ಕಾಲಕ್ರಮದಲ್ಲಿ ಕೂರುತ್ತದೆ. ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿ ಪ್ರತಿ ಇರಲಿ, ಒಂದು ಡಿಸ್ಕ್ ಮನೆಯಿಂದ ಹೊರಗಿರಲಿ. ಮೂಲ ಫೋಟೊಗಳನ್ನು ಎಸೆಯಬೇಡಿ. ಫೋಟೊವನ್ನು ಮತ್ತೆ ಪೆಟ್ಟಿಗೆಗೆ ಇಡುವ ಮುನ್ನ ಹಿಂಬದಿ ತಿರುಗಿಸಿ ನೋಡಿ: ಹೆಸರೋ ತಾರೀಖೋ ಕೈಬರಹದಲ್ಲಿದ್ದರೆ ಅದನ್ನೂ ಸ್ಕ್ಯಾನ್ ಮಾಡಿ, ಅದೇ ಫೈಲಿನ ಹೆಸರಿಗೆ 'ಹಿಂಬದಿ' ಎಂದು ಸೇರಿಸಿ ಇಡಿ.