ಮಿಡ್ಲ್ ಸ್ಕೂಲ್ ವಿಜ್ಞಾನದ ಕ್ಲಾಸು: ಮೊದಲು ಊಹೆ, ಆಮೇಲೆ ಪ್ರಯೋಗ

ಆರನೇ ಕ್ಲಾಸಿಗೆ ಬರುವ ಮಕ್ಕಳ ತಲೆಯಲ್ಲಿ ವಿಜ್ಞಾನ ಅಂದರೆ ಬಣ್ಣದ ಹೊಗೆ, ಢಂ ಅನ್ನುವ ಸದ್ದು. ಅಪ್ಪ ಅಮ್ಮಂದಿರಿಗೋ, ಪ್ರಶ್ನೆ ಉತ್ತರ ತುಂಬಿದ ನೋಟ್ಸ್. ನಾನು ಆರರಿಂದ ಎಂಟನೇ ಕ್ಲಾಸಿನವರೆಗೆ ವಿಜ್ಞಾನ ಹೇಳಿಕೊಡುತ್ತೇನೆ. ನನ್ನ ಕ್ಲಾಸು ಮೊದಮೊದಲು ಇಬ್ಬರಿಗೂ ಸಪ್ಪೆ ಅನ್ನಿಸುತ್ತದೆ. ಯಾಕೆಂದರೆ ಅಲ್ಲಿ ನಾವು ಶುರು ಮಾಡುವುದೇ ದಾರಕ್ಕೆ ಕಲ್ಲು ಕಟ್ಟಿ ತೂಗಾಡಿಸುವುದರಿಂದ.

ಭಾರದ ಕಲ್ಲು ಬೇಗ ತೂಗುತ್ತದೋ, ಹಗುರದ್ದೋ? ಹೆಚ್ಚಿನವರು ಭಾರದ್ದೇ ಅನ್ನುತ್ತಾರೆ. ಆ ಊಹೆಯನ್ನು ಪೆನ್ನಿನಲ್ಲಿ ಬರೆಯಬೇಕು, ಕಾರಣವನ್ನೂ ಬರೆಯಬೇಕು, ಆಮೇಲೆ ಅಳಿಸುವಂತಿಲ್ಲ. ಇದು ನನ್ನ ಕ್ಲಾಸಿನ ಮೊದಲ ನಿಯಮ. ಊಹೆ ಬರೆಯದ ಮಗು ಪ್ರಯೋಗ ಮುಗಿದ ಮೇಲೆ "ನನಗೆ ಮೊದಲೇ ಗೊತ್ತಿತ್ತು" ಅನ್ನುತ್ತದೆ. ಬರೆದ ಮಗುವಿಗೆ ಆ ದಾರಿ ಇಲ್ಲ.

ಅಳೆಯಲು ಶುರು ಮಾಡಿದರೆ ಗಲಾಟೆಯೂ ಶುರು. ಒಂದು ಗುಂಪು ಕಲ್ಲನ್ನೂ ಬದಲಿಸುತ್ತದೆ, ದಾರದ ಉದ್ದವನ್ನೂ ಬದಲಿಸುತ್ತದೆ. ಹಾಗಾದರೆ ವ್ಯತ್ಯಾಸ ಬಂದದ್ದು ಯಾವುದರಿಂದ? ಪಕ್ಕದ ಗುಂಪಿನವರೇ ಜಗಳ ತೆಗೆಯುತ್ತಾರೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬುದನ್ನು ನಾನು ಬೋರ್ಡಿನ ಮೇಲೆ ಬರೆಯುವ ಮೊದಲೇ ಅವರು ಹೇಳಿರುತ್ತಾರೆ. ಸ್ಟಾಪ್‌ವಾಚ್ ಒತ್ತುವ ಬೆರಳು ಸ್ವಲ್ಪ ತಡ ಮಾಡುತ್ತದೆ. ಹಾಗಾಗಿ 10 ತೂಗಾಟ ಎಣಿಸಿ 10ರಿಂದ ಭಾಗಿಸುತ್ತೇವೆ. ತೀರಾ ದೂರ ಎಳೆದು ಬಿಡುವುದಿಲ್ಲ. ದಾರ ನೇತುಹಾಕಿದ ಜಾಗದಿಂದ ಕಲ್ಲಿನ ನಡುಭಾಗದವರೆಗೆ 1 ಮೀಟರ್ ಇದ್ದರೆ ಒಮ್ಮೆ ಹೋಗಿ ಬರಲು ಸುಮಾರು 2 ಸೆಕೆಂಡು. 25 ಸೆಂಟಿಮೀಟರ್‌ಗೆ ಇಳಿಸಿದರೆ ಸುಮಾರು 1 ಸೆಕೆಂಡು. ಉದ್ದ ಕಾಲು ಭಾಗವಾದರೂ ಸಮಯ ಅರ್ಧವಷ್ಟೇ ಆಯಿತು, ಯಾಕೆ ಮಿಸ್? ಈ ಪ್ರಶ್ನೆ ಬಂದರೆ ನನಗೆ ಖುಷಿ. ಪೂರ್ತಿ ಉತ್ತರಕ್ಕೆ ಇನ್ನೂ ಕೆಲವು ವರ್ಷ ಕಾಯಬೇಕು ಅಂತ ನೇರವಾಗಿ ಹೇಳಿಬಿಡುತ್ತೇನೆ. ಕಲ್ಲಿನ ಭಾರದಿಂದ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವೇ ಬರುವುದಿಲ್ಲ.

ಏಳನೇ ಕ್ಲಾಸಿನಲ್ಲಿ ಐಸ್ ಕಾಯಿಸುತ್ತೇವೆ. ಕಲಕುತ್ತಾ ನಿಮಿಷಕ್ಕೊಮ್ಮೆ ಉಷ್ಣತೆ ಓದಿ ಗ್ರಾಫ್ ಹಾಕುವುದು. ಐಸ್ ಪೂರ್ತಿ ಕರಗುವ ತನಕ ಥರ್ಮಾಮೀಟರ್ 0 ಡಿಗ್ರಿ ಹತ್ತಿರವೇ ಕೂತಿರುತ್ತದೆ. ಆಮೇಲೆ ಏರುತ್ತದೆ, ಕುದಿಯುವಾಗ ಮತ್ತೆ ನಿಲ್ಲುತ್ತದೆ. "ಥರ್ಮಾಮೀಟರ್ ಕೆಟ್ಟಿದೆ" ಅಂತ ಯಾರಾದರೂ ಕೂಗಿಯೇ ಕೂಗುತ್ತಾರೆ. ಉರಿ ಹೊತ್ತಿಕೊಂಡೇ ಇದೆ, ಉಷ್ಣತೆ ಏರುತ್ತಿಲ್ಲ, ಹಾಗಾದರೆ ಶಾಖ ಎಲ್ಲಿಗೆ ಹೋಯಿತು? ನೀರಿನ ಕಣಗಳನ್ನು ಒಂದರಿಂದ ಒಂದು ಬಿಡಿಸುವುದಕ್ಕೆ ಖರ್ಚಾಗುತ್ತಿದೆ ಎಂಬ ಮಾತು ಆಗ ಹೇಳಿದರೆ ನಾಟುತ್ತದೆ. ಮೊದಲೇ ಹೇಳಿದರೆ ಸುಮ್ನೆ ಬರೆದುಕೊಳ್ಳುತ್ತಾರೆ ಅಷ್ಟೇ.

ಇನ್ನೊಂದು ವಿಷಯ ಇದೆ. ಥರ್ಮಾಮೀಟರ್ 98 ತೋರಿಸಿದರೂ ಜಾಣ ಮಕ್ಕಳು 100 ಅಂತ ಬರೆಯುತ್ತಾರೆ. ಪುಸ್ತಕದಲ್ಲಿ ಹಾಗಿದೆ ಅಲ್ವಾ! ಸಮುದ್ರ ಮಟ್ಟದಿಂದ ಮೇಲೆ ಹೋದಂತೆ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ, ಅಳೆಯುವ ಸಾಧನದಲ್ಲೂ ಒಂದಿಷ್ಟು ಹೆಚ್ಚುಕಡಿಮೆ ಇರುತ್ತದೆ. ಕಂಡದ್ದನ್ನೇ ಬರೆಯಬೇಕು. ಇದನ್ನು ಕಲಿಸುವುದು ಎಲ್ಲಕ್ಕಿಂತ ಕಷ್ಟ. ಚೆನ್ನಾಗಿ ಅಂಕ ತೆಗೆಯುವವರಿಗೇ ಇನ್ನೂ ಕಷ್ಟ.

ನನಗೆ ತುಂಬಾ ಇಷ್ಟವಾದ ಪಾಠ ಮೇಣದಬತ್ತಿಯದು. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಬತ್ತಿ, ಮೇಲೆ ಬೋರಲು ಹಾಕಿದ ಗ್ಲಾಸು. ಬತ್ತಿ ಆರುತ್ತದೆ, ಗ್ಲಾಸಿನೊಳಗೆ ನೀರು ಏರುತ್ತದೆ. "ಆಮ್ಲಜನಕ ಖಾಲಿಯಾಯಿತು, ಆ ಜಾಗಕ್ಕೆ ನೀರು ಬಂತು" ಎಂಬ ಉತ್ತರ ಎಷ್ಟೋ ಮಕ್ಕಳಿಗೆ ಬಾಯಿಪಾಠ. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇಕಡ 21 ಎಂಬ ಲೆಕ್ಕವನ್ನೂ ಸೇರಿಸುತ್ತಾರೆ. ನಾನು ವಾದಕ್ಕೆ ಇಳಿಯುವುದಿಲ್ಲ. ಅದೇ ಗ್ಲಾಸಿನಡಿ ಮೂರು ಬತ್ತಿ ಇಟ್ಟರೆ ನೀರು ಎಷ್ಟು ಏರುತ್ತದೆ, ಬರೆಯಿರಿ ಅನ್ನುತ್ತೇನೆ. ಒಳಗಿನ ಗಾಳಿ ಅಷ್ಟೇ ಅಂದಮೇಲೆ ನೀರೂ ಅಷ್ಟೇ ಏರಬೇಕು. ಏರುವುದು ಜಾಸ್ತಿ! ಆಗ ಎಲ್ಲರೂ ಬಗ್ಗಿ ನೋಡುತ್ತಾರೆ. ಗ್ಲಾಸು ಮುಚ್ಚುವಾಗ ಅಂಚಿನಿಂದ ಗುಳ್ಳೆ ಹೊರಬರುವುದು ಕಾಣುತ್ತದೆ. ನೀರು ಭರದಿಂದ ಏರುವುದು ಬತ್ತಿ ಆರಿದ ಮೇಲೆ ಎಂಬುದೂ ಕಾಣುತ್ತದೆ. ಬಿಸಿ ಗಾಳಿ ಹಿಗ್ಗಿ ಒಂದಷ್ಟು ಹೊರಗೆ ಹೋಯಿತು, ಉಳಿದದ್ದು ತಣ್ಣಗಾಗಿ ಕುಗ್ಗಿತು, ಹೊರಗಿನ ಒತ್ತಡ ನೀರನ್ನು ಒಳಗೆ ತಳ್ಳಿತು. ಮುಖ್ಯ ಕಾರಣ ಇದು. ಬತ್ತಿ ಆರುವಾಗ ಒಳಗೆ ಆಮ್ಲಜನಕ ಪೂರ್ತಿ ಮುಗಿದಿರುವುದೂ ಇಲ್ಲ.

ಸೂಕ್ಷ್ಮದರ್ಶಕದ ದಿನ ಮಕ್ಕಳು ಗಾಳಿಗುಳ್ಳೆಯನ್ನೇ ಜೀವಕೋಶ ಎಂದು ಚಿತ್ರ ಬಿಡಿಸುತ್ತಾರೆ. ದಪ್ಪ ಕಪ್ಪು ಅಂಚು ಕಂಡರೆ ಗುಳ್ಳೆ ಅಂತ ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ದ್ಯುತಿಸಂಶ್ಲೇಷಣೆ, ಅಂದರೆ ಗಿಡ ಬಿಸಿಲಿನಲ್ಲಿ ತನ್ನ ಆಹಾರ ತಾನೇ ಮಾಡಿಕೊಳ್ಳುವ ಕ್ರಿಯೆ. ಅದರ ಸಮೀಕರಣವನ್ನು ಎಲ್ಲರೂ ತಪ್ಪಿಲ್ಲದೆ ಹೇಳುತ್ತಾರೆ. ಹಾಗಾದರೆ ಮರದ ಕಾಂಡ ಯಾವುದರಿಂದ ಆಯಿತು ಅಂತ ಕೇಳಿ ನೋಡಿ. "ಮಣ್ಣಿನಿಂದ" ಅನ್ನುತ್ತಾರೆ! ಆಗ ನಾನು ಹೆಲ್ಮಾಂಟ್ ಕಥೆ ತೆಗೆಯುತ್ತೇನೆ. 17ನೇ ಶತಮಾನದ ಈ ಮನುಷ್ಯ ತೂಕ ಮಾಡಿದ ಮಣ್ಣಿನಲ್ಲಿ ವಿಲೋ ಗಿಡ ನೆಟ್ಟು 5 ವರ್ಷ ನೀರು ಹಾಕಿದ. ಮರದ ತೂಕ ಸುಮಾರು 74 ಕಿಲೋ ಹೆಚ್ಚಾಯಿತು, ಮಣ್ಣು ಕಡಿಮೆಯಾದದ್ದು 60 ಗ್ರಾಂನಷ್ಟೂ ಇಲ್ಲ. ಎಲ್ಲಾ ನೀರಿನಿಂದಲೇ ಬಂತು ಅಂತ ಅವನು ತೀರ್ಮಾನಿಸಿದ. ಅವನ ಲೆಕ್ಕದಿಂದ ತಪ್ಪಿಸಿಕೊಂಡದ್ದು ಯಾವುದು? ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್. ಇಷ್ಟಾದ ಮೇಲೆ ಅದೇ ಸಮೀಕರಣವನ್ನು ಬೇರೆ ಕಣ್ಣಿನಿಂದ ಓದುತ್ತಾರೆ.

ಲ್ಯಾಬಿನ ನಿಯಮಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕನ್ನಡಕ ಹಾಕಬೇಕು, ಉದ್ದ ಕೂದಲು ಕಟ್ಟಬೇಕು, ಏನನ್ನೂ ನಾಲಗೆಗೆ ತಾಗಿಸಬಾರದು. ವಾಸನೆ ನೋಡಬೇಕಿದ್ದರೆ ಕೈಯಿಂದ ಬೀಸಿಕೊಂಡು ನೋಡಬೇಕು. ಬೆಂಕಿ ಹಚ್ಚುವುದು ನಾನೇ.

ಅಂಕ ಕೊಡುವಾಗ ಊಹೆ ಸರಿಯೋ ತಪ್ಪೋ ನೋಡುವುದಿಲ್ಲ. ಕಾರಣ ಬರೆದಿದ್ದಾರಾ, ಅಳತೆಯ ಮಾನ ಹಾಕಿದ್ದಾರಾ, ಊಹೆಗೂ ಫಲಿತಾಂಶಕ್ಕೂ ತಾಳೆಯಾಗದಿದ್ದರೆ ಅದನ್ನು ಒಪ್ಪಿ ಬರೆದಿದ್ದಾರಾ, ಇಷ್ಟೇ. ಎಂಟನೇ ಕ್ಲಾಸಿನ ಕೊನೆಗೆ ಪ್ರತಿಯೊಬ್ಬರೂ ಸ್ವಂತ ಪ್ರಶ್ನೆ ತರಬೇಕು. ಕಪ್ಪುಕುಳಿಯ ಒಳಗೆ ಏನಿದೆ ಎಂಬಂಥವೇ ಮೊದಲು ಬರುತ್ತವೆ. ನಮ್ಮಲ್ಲಿರುವ ಸ್ಕೇಲು, ತಕ್ಕಡಿ, ಗಡಿಯಾರದಿಂದ ಅಳೆಯಬಹುದಾದದ್ದು ತನ್ನಿ ಅಂತ ವಾಪಸ್ ಕಳಿಸುತ್ತೇನೆ. ಆಮೇಲೆ ಬರುವ ಪ್ರಶ್ನೆಗಳು ಚೆನ್ನಾಗಿರುತ್ತವೆ: ಕಾಗದದ ಹೆಲಿಕಾಪ್ಟರ್‌ನ ರೆಕ್ಕೆ ಉದ್ದ ಮಾಡಿದರೆ ಕೆಳಗಿಳಿಯಲು ಎಷ್ಟು ಹೊತ್ತು ಜಾಸ್ತಿ? ಒದ್ದೆಯಾದ ದಾರ ಒಣ ದಾರಕ್ಕಿಂತ ಹೆಚ್ಚು ಭಾರ ತಡೆಯುತ್ತದಾ?