ಮರಿ ಸಿಕ್ಕಿತು ಸರಿ, ಯಾವ ಸೊಳ್ಳೆಯದು?

ಮಳೆಗಾಲ ಶುರುವಾದರೆ ಬಡಾವಣೆ ಸಂಘದವರು, ಕಾಲೇಜು ಹುಡುಗರು ಲಾರ್ವಾ, ಅಂದರೆ ನೀರಲ್ಲಿರುವ ಸೊಳ್ಳೆ ಮರಿಯ ಸಮೀಕ್ಷೆಗೆ ಹೊರಡುತ್ತಾರೆ. ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊಗಳು ಬರುತ್ತವೆ. ಡ್ರಮ್ಮು ಬೋರಲು ಹಾಕಿದ್ದು, ಟೈರು ಎತ್ತಿ ಹಿಡಿದಿದ್ದು. ಎಲ್ಲಿ, ಯಾವ ಸೊಳ್ಳೆಯ ಮರಿ ಇತ್ತು ಎಂದು ಕೇಳಿದರೆ ಮಾತ್ರ ಯಾರ ಬಳಿಯೂ ಉತ್ತರ ಇರುವುದಿಲ್ಲ. ಚರಂಡಿಯ ಕ್ಯೂಲೆಕ್ಸ್‌ಗೂ ಡೆಂಗಿ ಹರಡುವ ಈಡಿಸ್‌ಗೂ ಹುಡುಕಬೇಕಾದ ಜಾಗವೇ ಬೇರೆ. ಹಾಗಾಗಿ ಮೊದಲು ನೋಡಿ, ಬರೆಯಿರಿ, ಆಮೇಲೆ ನೀರು ಚೆಲ್ಲಿ.

1. ಸಾಮಾನು

ಟಾರ್ಚು, ಉದ್ದ ಹಿಡಿಯ ಸೌಟು, ಬಿಳಿ ಪ್ಲಾಸ್ಟಿಕ್ ಬೋಗುಣಿ, ಔಷಧಿ ಡ್ರಾಪರ್, ಸಣ್ಣ ಬಾಟಲಿ, ನೋಟ್‌ಬುಕ್ಕು, ಪೆನ್ಸಿಲ್. ಬೋಗುಣಿ ಬಿಳಿಯದೇ ಆಗಬೇಕು, ಸ್ಟೀಲಿನ ಹೊಳಪಿನಲ್ಲಿ ಮರಿ ಕಾಣುವುದಿಲ್ಲ. ಪೆನ್ನು ಬೇಡ, ಒದ್ದೆ ಕೈ ತಾಗಿದರೆ ಶಾಯಿ ಹರಡುತ್ತದೆ.

2. ದಿನ

ವಾರಕ್ಕೊಮ್ಮೆ, ಪ್ರತಿ ಸಲವೂ ಅದೇ ದಿನ. ಸೆಕೆಯ ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರಲು 7ರಿಂದ 10 ದಿನ ಸಾಕು.

3. ಮನೆಯೊಳಗೆ

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡವನ್ನೂ ಇಟ್ಟಿತು. ಅಂದಿನಿಂದ ನೋಟ್‌ಬುಕ್ ಕಂಡ ಕೂಡಲೇ ಬಾಗಿಲು ಹಾಕಿಕೊಳ್ಳುವವರಿದ್ದಾರೆ. 'ಅಮ್ಮಾ, ನಾವು ದಂಡ ಹಾಕುವವರಲ್ಲ, ಇದೇ ಬೀದಿಯವರು' ಎಂದು ಮೊದಲೇ ಹೇಳಿಬಿಡಿ.

4. ನೋಡುವುದು

ಕೆಲಸ ಕೆಡುವುದೇ ಇಲ್ಲಿ. ಹೋದವರು ಡ್ರಮ್ಮಿನ ಮುಚ್ಚಳ ಎಳೆದು, ಮೇಲೆ ಬಗ್ಗಿ, ಟಾರ್ಚು ಬಿಡುತ್ತಾರೆ. 'ಏನಿಲ್ಲ ಬಿಡಿ' ಅಂತ ಮುಂದೆ ಹೋಗುತ್ತಾರೆ. ಏನಿಲ್ಲದೇ ಏನು, ಎಲ್ಲಾ ತಳಕ್ಕೆ ಇಳಿದಿರುತ್ತವೆ! ನೆರಳು ಬಿದ್ದರೂ ನೀರು ಅಲುಗಿದರೂ ಮರಿಗಳು ಕೆಳಗೆ ಓಡುತ್ತವೆ. ಈಡಿಸ್‌ಗಂತೂ ಬೆಳಕು ಕಂಡರೇ ಆಗದು.

ನಿಮ್ಮ ನೆರಳು ನೀರಿಗೆ ಬೀಳದ ಕಡೆಯಿಂದ ಹೋಗಿ. ಮುಚ್ಚಳ ನಿಧಾನ ಸರಿಸಿ. ಮೊದಲು ಟಾರ್ಚಿಲ್ಲದೆ ನೀರಿನ ಮೇಲ್ಮೈ ನೋಡಿ, ಆಮೇಲೆ ಬೆಳಕು ಬಿಡಿ. ಮರಿ ಕಾಣದಿದ್ದರೆ ಎರಡು ಮೂರು ನಿಮಿಷ ಸುಮ್ನೆ ನಿಲ್ಲಿ. ಉಸಿರಾಡಲು ಅವು ಮೇಲೆ ಬರಲೇಬೇಕು. ಬಂದಾಗ ಸೌಟನ್ನು ಓರೆಯಾಗಿ ಹಿಡಿದು ಅಂಚಿನ ನೀರನ್ನು ಸರಕ್ಕನೆ ತೆಗೆದು ಬೋಗುಣಿಗೆ ಸುರಿಯಿರಿ. ನಡುನೀರಿನಲ್ಲಿ ಸೌಟು ಕಲಕಿದರೆ ಪ್ರಯೋಜನವಿಲ್ಲ.

ಡ್ರಮ್ಮು, ಸಂಪಿಗೇ ನಿಲ್ಲಬೇಡಿ. ಫ್ರಿಜ್ ಹಿಂದಿನ ತಟ್ಟೆ, ಹೂಕುಂಡದ ಅಡಿ ತಟ್ಟೆ, ಹಿತ್ತಲಲ್ಲಿ ಬಿಸಾಡಿದ ಒರಳುಕಲ್ಲು, ತೆಂಗಿನ ಚಿಪ್ಪು ಎಲ್ಲವನ್ನೂ ನೋಡಿ. ಮಲೆನಾಡು, ಕರಾವಳಿಯವರು ತೋಟದಲ್ಲಿ ಬಿದ್ದ ಅಡಿಕೆ ಹಾಳೆಯನ್ನೂ ರಬ್ಬರ್ ಹಾಲಿನ ಚಿಪ್ಪನ್ನೂ ಬಿಡಬಾರದು.

5. ಗುರುತಿಸುವುದು

ಬೋಗುಣಿಯ ನೀರು ತಿಳಿಯಾಗಲಿ. ಮರಿ ಈಜುವಾಗಲ್ಲ, ನಿಂತಾಗ ನೋಡಬೇಕು.

ನೀರಿನ ಮೇಲ್ಮೈಗೆ ಅಂಟಿಕೊಂಡ ಹಾಗೆ ಅಡ್ಡಡ್ಡ ಮಲಗಿದ್ದರೆ ಅದು ಅನಾಫಿಲಿಸ್, ಮಲೇರಿಯಾದ್ದು. ಇದಕ್ಕೆ ಬಾಲದ ಕಡೆ ಉಸಿರು ಕೊಳವೆ ಇರುವುದಿಲ್ಲ. ಪೇಟೆಯಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟಿಫೆನ್ಸಿ ಓವರ್‌ಹೆಡ್ ಟ್ಯಾಂಕು, ಬಾವಿಗಳ ಶುದ್ಧ ನೀರಲ್ಲೇ ಬೆಳೆಯುತ್ತದೆ. ಮಂಗಳೂರಿನಲ್ಲಿ ಮಲೇರಿಯಾ ಎಂದರೆ ಕಟ್ಟಡ ಕಾಮಗಾರಿಯ ನೀರಿನ ಕಡೆ ನೋಡುವುದು ಇದಕ್ಕೇ.

ತಲೆ ಕೆಳಗಾಗಿ ನೇತಾಡುತ್ತಿದ್ದರೆ ಕೊಳವೆ ನೋಡಿ. ಉದ್ದ, ಸಪೂರ ಕೊಳವೆಯಿದ್ದು ಮೈ ಓರೆಯಾಗಿದ್ದರೆ ಕ್ಯೂಲೆಕ್ಸ್. ಗಿಡ್ಡ, ದಪ್ಪ ಕೊಳವೆಯಿದ್ದು ಮೈ ಹೆಚ್ಚುಕಡಿಮೆ ನೆಟ್ಟಗೆ ಇಳಿಬಿದ್ದಿದ್ದರೆ ಈಡಿಸ್. ಈಡಿಸ್ ಮರಿ ಹಾವಿನ ಹಾಗೆ ಬಳುಕುತ್ತಾ ಈಜುತ್ತದೆ. ಕ್ಯೂಲೆಕ್ಸ್ ಎಂದು ಬಿಡುವ ಹಾಗಿಲ್ಲ. ಚರಂಡಿಯದು ಆನೆಕಾಲು ರೋಗ ತಂದರೆ, ಅದೇ ಕುಲದ ಗದ್ದೆಯ ಸೊಳ್ಳೆ ಮೆದುಳು ಜ್ವರ ತರುತ್ತದೆ.

ಕೂದಲೆಳೆಯಷ್ಟು ಸಣ್ಣ ಮರಿಯನ್ನು ಊಹಿಸಿ ಬರೆಯಬೇಡಿ, 'ಗೊತ್ತಾಗಲಿಲ್ಲ' ಎಂದೇ ಬರೆಯಿರಿ. ತಳದ ಕೆಂಪು ಹುಳು ಸೊಳ್ಳೆಯದೇ ಅಲ್ಲ, ಕಚ್ಚದ ಬೇರೊಂದು ನೊಣದ್ದು. ಅದನ್ನೂ ಸೇರಿಸಿ ಲೆಕ್ಕ ಕೊಟ್ಟ ವರದಿಗಳಿವೆ.

ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಪ್ಯೂಪಾ (ಮರಿ ಸೊಳ್ಳೆಯಾಗುವ ಮುಂಚಿನ ಹಂತ) ಸಿಕ್ಕರೆ ಬರಿಗಣ್ಣಿಗೆ ಜಾತಿ ತಿಳಿಯದು. ಅದೇ ನೀರಿನ ಸಮೇತ ಬಾಟಲಿಗೆ ಹಾಕಿ, ಬಾಯಿಗೆ ಸೊಳ್ಳೆಪರದೆ ಬಟ್ಟೆ ಬಿಗಿದು ಕಟ್ಟಿಡಿ. ಎರಡು ದಿನದ ಹೊತ್ತಿಗೆ ಸೊಳ್ಳೆ ಹೊರಬರುತ್ತದೆ. ಬಾಟಲಿಯನ್ನು ಹಾಗೆಯೇ ಫ್ರೀಜರಿನಲ್ಲಿಟ್ಟು ಆಮೇಲೆ ಭೂತಗನ್ನಡಿಯಲ್ಲಿ ನೋಡಿ. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ ಇದ್ದರೆ ಈಡಿಸ್. ಅದರಲ್ಲೂ ಎರಡು ಬಗೆ. ಬೆನ್ನ ನಡುವೆ ಒಂದೇ ನೇರ ಬಿಳಿ ಗೆರೆಯಿದ್ದರೆ ಆಲ್ಬೋಪಿಕ್ಟಸ್, ತೋಟದ ಕಡೆ ಜಾಸ್ತಿ. ಎರಡು ಪಕ್ಕದಲ್ಲಿ ಬಾಗಿದ ಗೆರೆಗಳಿದ್ದರೆ ಈಜಿಪ್ಟಿ, ಮನೆಯೊಳಗೇ ಇರುವುದು.

ಬ್ಯಾಟಿನಲ್ಲಿ ಸುಟ್ಟ ಸೊಳ್ಳೆ ತರಬೇಡಿ, ಗೆರೆಗಳೇ ಉಳಿದಿರುವುದಿಲ್ಲ. ನೀಲಿ ದೀಪದ ಯಂತ್ರಕ್ಕೆ ಬೀಳುವುದರಲ್ಲಿ ಹೆಚ್ಚಿನವು ಬೇರೆ ಹುಳುಗಳು. ಶಬ್ದದಿಂದ ಸೊಳ್ಳೆ ಓಡಿಸುವ ಮೊಬೈಲ್ ಆ್ಯಪ್ ಬರೀ ಬೊಗಳೆ. ಕಾಲು ಚಾಚಿ ಕೂತು, ಕಚ್ಚಲು ಬಂದದ್ದನ್ನು ಹಿಡಿಯುವ ಸಾಹಸ ಖಂಡಿತ ಬೇಡ.

6. ಬರೆಯುವುದು

ತಾರೀಖು, ಮನೆ ನಂಬರು, ಪಾತ್ರೆ ಯಾವುದು, ಒಳಗೋ ಹೊರಗೋ, ಮರಿ ಇತ್ತೋ ಇಲ್ಲವೋ, ಯಾವ ಜಾತಿ, ಪ್ಯೂಪಾ ಇತ್ತೋ. ಇಷ್ಟು ಸಾಕು. ಮರಿ ಇಲ್ಲದ ಪಾತ್ರೆಯನ್ನೂ ಬರೆಯಲೇಬೇಕು. ಇದನ್ನು ಬಿಟ್ಟರೆ ಸಮೀಕ್ಷೆ ಮಾಡಿಯೂ ಮಾಡದ ಹಾಗೆ. ಒಂಬತ್ತು ಪಾತ್ರೆಯಲ್ಲಿ ಮರಿ ಇತ್ತು ಎಂದರೆ ಏನು ತಿಳಿಯಿತು? ನೋಡಿದ್ದು ಹತ್ತೋ, ನೂರೋ?

ಉದಾಹರಣೆಗೆ 40 ಮನೆ ನೋಡಿದಿರಿ, 6ರಲ್ಲಿ ಮರಿ ಇತ್ತು. ನೀರಿದ್ದ ಪಾತ್ರೆ 120, ಮರಿ ಇದ್ದದ್ದು 9ರಲ್ಲಿ. ನೋಡಿದ ನೂರು ಮನೆಗೆ ಮರಿ ಇರುವ ಮನೆ ಎಷ್ಟು ಎನ್ನುವ ಮನೆ ಸೂಚ್ಯಂಕ 15, ನೀರಿದ್ದ ನೂರು ಪಾತ್ರೆಗೆ ಮರಿ ಇರುವ ಪಾತ್ರೆ ಎಷ್ಟು ಎನ್ನುವ ಪಾತ್ರೆ ಸೂಚ್ಯಂಕ 7.5. ನೂರು ಮನೆಗೆ ಮರಿ ಇರುವ ಪಾತ್ರೆ ಎಷ್ಟು ಎನ್ನುವ ಬ್ರೆಟೋ ಸೂಚ್ಯಂಕ 22.5. ಡೆಂಗಿಗಾದರೆ ಇದರಲ್ಲಿ ಈಡಿಸ್ ಸಿಕ್ಕ ಪಾತ್ರೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

7. ಚೆಲ್ಲುವುದು

ಬರೀ ಚೆಲ್ಲಿದರೆ ಸಾಲದು, ಒಳಗೋಡೆಯನ್ನು ನಾರಿನಿಂದ ತಿಕ್ಕಿ. ಈಡಿಸ್ ಮೊಟ್ಟೆ ನೀರಿನ ಮಟ್ಟಕ್ಕಿಂತ ತುಸು ಮೇಲೆ ಅಂಟಿರುತ್ತದೆ. ತಿಂಗಳುಗಟ್ಟಲೆ ಒಣಗಿದ್ದರೂ ಮತ್ತೆ ನೀರು ಬಿದ್ದರೆ ಒಡೆಯುತ್ತದೆ.

ಹಾಳೆಯ ಒಂದು ಪ್ರತಿಯನ್ನು ಆಶಾ ಕಾರ್ಯಕರ್ತೆಗೋ ಆರೋಗ್ಯ ನಿರೀಕ್ಷಕರಿಗೋ ಅದೇ ದಿನ ಕೊಡಿ. ಬೀಗ ಹಾಕಿದ್ದ ಮನೆಗಳನ್ನು ನೋಡಿದ ಲೆಕ್ಕಕ್ಕೆ ಸೇರಿಸಬೇಡಿ. ಅವುಗಳ ಪಟ್ಟಿ ಬೇರೆ ಇರಲಿ, ಮುಂದಿನ ವಾರ ಅಲ್ಲಿಂದಲೇ ಶುರು ಮಾಡಿ.