ಗಲ್ಫ್, ಯುಕೆ ಕಡೆ ಹೊರಟಿರುವವರು ಒಮ್ಮೆ ಓದಿ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರಲ್ಲಿ ಎಸ್ಸೆಸ್ಸೆಲ್ಸಿ ಇಲ್ಲಿ ಕೇರಳದಲ್ಲಿ, ಡಿಗ್ರಿ ಮಂಗಳೂರಲ್ಲಿ ಮಾಡಿದವರೇ ಜಾಸ್ತಿ ಅಲ್ವಾ? ಹೀಗೆ ಎರಡು ರಾಜ್ಯದ ಸರ್ಟಿಫಿಕೇಟು ಇರುವುದರಿಂದಲೇ ವೀಸಾ ಕೆಲಸ ಸಿಕ್ಕಿಹಾಕಿಕೊಳ್ಳುವುದು. ಸರ್ಟಿಫಿಕೇಟು ಯಾವ ರಾಜ್ಯದ್ದೋ ಮೊದಲ ಅಟೆಸ್ಟೇಶನ್ (ಸರ್ಟಿಫಿಕೇಟು ಅಸಲಿ ಎಂಬ ದೃಢೀಕರಣ) ಆ ರಾಜ್ಯದ್ದೇ ಆಗಬೇಕು. ಕೇರಳದ್ದಾದರೆ ನೋರ್ಕಾ ರೂಟ್ಸ್ (ಹೊರನಾಡಿನ ಕೇರಳೀಯರಿಗಾಗಿ ಇರುವ ಕೇರಳ ಸರ್ಕಾರದ ಸಂಸ್ಥೆ) ಮೂಲಕ ಮಾಡಿಸಬಹುದು. ಮಂಗಳೂರು ವಿ.ವಿ. ಡಿಗ್ರಿಗೆ ಕರ್ನಾಟಕ ಸರ್ಕಾರದ ಮುದ್ರೆ ಬೇಕು. ಆಮೇಲೆ ವಿದೇಶಾಂಗ ಇಲಾಖೆ, ಯುಎಇ ಆದರೆ ಅದರ ಎಂಬೆಸಿ. ಸೌದಿ 2022ರ ಡಿಸೆಂಬರಿನಿಂದ ಅಪೊಸ್ಟಿಲ್ ಒಪ್ಪಂದದಲ್ಲಿದೆ, ಅಂದರೆ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಮುದ್ರೆ ಇದ್ದರೆ ಎಂಬೆಸಿ ಮುದ್ರೆ ಬೇಡ ಎನ್ನುವ ದೇಶಗಳ ಒಪ್ಪಂದ. ಹಾಗಾಗಿ ಏಜೆಂಟು ಹಳೆ ಲೆಕ್ಕದಲ್ಲಿ ಎಂಬೆಸಿ ಖರ್ಚು ಹೇಳಿದರೆ, ಕೆಲಸ ಕೊಡುವ ಕಂಪನಿಯನ್ನೇ ಒಮ್ಮೆ ಕೇಳಿ ದುಡ್ಡು ಕೊಡಿ.

ಪಾಸ್‌ಪೋರ್ಟ್ ತೆಗೆದು ಸರ್‌ನೇಮ್ ಜಾಗ ಖಾಲಿ ಇದೆಯಾ ನೋಡಿ. ನಮ್ಮಲ್ಲಿ ಇನಿಶಿಯಲ್ಲಿನಲ್ಲೇ ಬದುಕು ಸಾಗುತ್ತದೆ, ಆದರೆ 2022ರ ನವೆಂಬರಿನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಯುಎಇ ವಿಸಿಟ್ ವೀಸಾ ಕೊಡುತ್ತಿಲ್ಲ. ಟಿಕೆಟಿಗೆ ಮೊದಲೇ ಮನೆತನದ್ದೋ ಅಪ್ಪನದ್ದೋ ಹೆಸರು ಸೇರಿಸಿ ರೀಇಶ್ಯೂ ಮಾಡಿಸಿ. ಸರ್ಟಿಫಿಕೇಟಿನ ಸ್ಪೆಲ್ಲಿಂಗ್ ಜೊತೆ ತಾಳೆ ನೋಡುವುದನ್ನೂ ಮರೆಯಬೇಡಿ.

ಯುಕೆಗೆ ಕೇರರ್ (ವಯಸ್ಸಾದವರನ್ನು, ಅಶಕ್ತರನ್ನು ನೋಡಿಕೊಳ್ಳುವ ಕೆಲಸದವರ) ವೀಸಾ ಮಾಡಿಸಿಕೊಡುತ್ತೇವೆ ಎಂದು ಯಾರಾದರೂ ಫೋನ್ ಮಾಡಿದರೆ ಸುಮ್ನೆ ಕಟ್ ಮಾಡಿ. ಹೊರದೇಶದಿಂದ ಹೊಸದಾಗಿ ಕೇರರ್‌ಗಳನ್ನು ಕರೆಸಿಕೊಳ್ಳುವುದನ್ನು ಅವರು 2025ರ ಜುಲೈ 22ಕ್ಕೇ ನಿಲ್ಲಿಸಿದ್ದಾರೆ. ಏಜೆಂಟರಿಗೆ ಲೈಸೆನ್ಸ್ ಇದೆಯಾ ಎಂದು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ಅದಕ್ಕೆ ದುಡ್ಡೇನೂ ಬೇಡ.